ಐದು ನಿಮಿಷದ ಸರಾಸರಿಯಲ್ಲಿ ಕಾಣದ ಮೋಡಗಳು

ಮಧ್ಯಾಹ್ನ ಹನ್ನೆರಡೂವರೆ ಇರಬೇಕು. ತಾರಸಿಯ ಮೇಲೆ ನಿಂತು ಮೋಡ ನೋಡುತ್ತಿದ್ದೆ. ಹತ್ತಿ ಉಂಡೆಗಳ ಹಾಗೆ ಬಿಡಿಬಿಡಿ ಮೋಡಗಳು. ಒಂದು ಬಂದು ಪ್ಯಾನೆಲ್‌ಗಳ ಮೇಲೆ ನೆರಳು ಚೆಲ್ಲುತ್ತಿತ್ತು. ಅದು ಸರಿದ ಕೂಡಲೇ ಕಣ್ಣು ಕುಕ್ಕುವ ಬಿಸಿಲು. ಅಷ್ಟರಲ್ಲಿ ಇನ್ನೊಂದು. ಹತ್ತು ನಿಮಿಷದಲ್ಲಿ ಏಳು ಸಲ ಹೀಗಾಯಿತು. ಕೆಳಗಿಳಿದು ಇನ್ವರ್ಟರ್‌ನ ಆ್ಯಪ್ ತೆಗೆದೆ. ಆ ಹತ್ತು ನಿಮಿಷಕ್ಕೆ ಅಲ್ಲಿದ್ದದ್ದು ಎರಡೇ ಚುಕ್ಕಿ. ಎರಡರ ನಡುವೆ ಹೆಚ್ಚುಕಡಿಮೆ ಸಪಾಟಾದ ಗೆರೆ.

ಆ್ಯಪ್ ತಪ್ಪು ತೋರಿಸುತ್ತಿರಲಿಲ್ಲ. ಐದು ನಿಮಿಷದ ಸರಾಸರಿ ತೋರಿಸುತ್ತಿತ್ತು, ಅಷ್ಟೇ. ತಿಂಗಳಿಗೆ ಎಷ್ಟು ಯೂನಿಟ್ ಬಂತು ಅಂತ ತಿಳಿಯಲು ಅದು ಸಾಕು. ಆದರೆ ಉತ್ಪಾದನೆ ಎಷ್ಟು ಬೇಗ ಏರುತ್ತದೆ, ಎಷ್ಟು ಬೇಗ ಇಳಿಯುತ್ತದೆ ಅನ್ನುವುದು ಬೇರೆಯೇ ಪ್ರಶ್ನೆ. ಬ್ಯಾಟರಿ ಎಷ್ಟು ದೊಡ್ಡದು ಬೇಕು, ಪಂಪು ನೇರ ಸೋಲಾರ್‌ನಲ್ಲೇ ಓಡುತ್ತದಾ, ಲೈನಿನ ವೋಲ್ಟೇಜ್ ಮಧ್ಯಾಹ್ನ ಯಾಕೆ ಕುಣಿಯುತ್ತದೆ ಅನ್ನುವುದಕ್ಕೆಲ್ಲ ಉತ್ತರ ಇರುವುದು ಆ ಏರಿಳಿತದಲ್ಲಿ.

ಇನ್ನೊಂದು ವಿಷಯವೂ ತಲೆಯಲ್ಲಿ ಕೊರೆಯುತ್ತಿತ್ತು. ಒಣ ಬಯಲಿನಲ್ಲಿರುವ ಗೆಳೆಯ "ನಮ್ಮಲ್ಲಿ ಏರಿಳಿತವೇ ಇಲ್ಲ" ಅನ್ನುತ್ತಿದ್ದ. ಬೆಟ್ಟದ ಮಗ್ಗುಲಲ್ಲಿರುವ ಅಕ್ಕ "ಮಳೆಗಾಲದಲ್ಲಿ ನಮ್ಮ ಸೋಲಾರ್ ನಂಬೋಕಾಗಲ್ಲ ಕಣೋ" ಅನ್ನುತ್ತಿದ್ದಳು. ಇಬ್ಬರ ಮಾತೂ ಸರಿ ಅನ್ನಿಸುತ್ತಿತ್ತು. ಆದರೆ ಇಬ್ಬರ ಹತ್ತಿರವೂ ಅಳತೆ ಇರಲಿಲ್ಲ. ಹಾಗಾಗಿ ಒಂದೇ ಥರದ ಮೂರು ಡಬ್ಬಿ ಮಾಡಲು ಕೂತೆ. ಒಂದು ಬಯಲಿಗೆ, ಒಂದು ಬೆಟ್ಟಕ್ಕೆ, ಒಂದು ಸಮುದ್ರದ ದಡದಲ್ಲಿರುವ ಇನ್ನೊಬ್ಬ ಗೆಳೆಯನ ತಾರಸಿಗೆ. ಮಾಡಿದ್ದು, ಕೆಟ್ಟಿದ್ದು, ಸರಿಪಡಿಸಿದ್ದು ಎಲ್ಲ ಇಲ್ಲಿದೆ.

ಡಬ್ಬಿಯೊಳಗೆ ಏನಿದೆ

ಮೊದಲ ನಿರ್ಧಾರ: ತಾರಸಿಯ ದೊಡ್ಡ ಪ್ಯಾನೆಲ್‌ಗಳ ಡಿಸಿ ವೈರಿಗೆ ಕೈ ಹಾಕುವುದಿಲ್ಲ. ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ನೂರಾರು ವೋಲ್ಟ್ ಡಿಸಿ ಇರುತ್ತದೆ. ಬಿಸಿಲಿರುವ ತನಕ ಅದನ್ನು ಆರಿಸಲೂ ಆಗುವುದಿಲ್ಲ. ಡಿಸಿ ಕಿಡಿ ಹೊತ್ತಿಕೊಂಡರೆ ಎಸಿ ಥರ ತಾನಾಗಿ ಆರುವುದೂ ಇಲ್ಲ. ನೀವು ಮಾಡುವುದಾದರೂ ಅದನ್ನು ಮುಟ್ಟಬೇಡಿ.

ಬದಲಿಗೆ ಎರಡು ಕಡೆಯಿಂದ ಅಳೆದೆ. ಬಿಸಿಲನ್ನು ಅಳೆಯಲು ಒಂದು ಪುಟ್ಟ 5 ವಾಟ್ ಪ್ಯಾನೆಲ್. ಮನೆಯ ದೊಡ್ಡ ಪ್ಯಾನೆಲ್‌ಗಳ ಉತ್ಪಾದನೆ ಅಳೆಯಲು, ಸೋಲಾರ್ ಮೀಟರಿನಲ್ಲಿ ಮಿಣುಕುವ ಕೆಂಪು ದೀಪ.

ಪುಟ್ಟ ಪ್ಯಾನೆಲ್‌ನ ಕಥೆ ಹೀಗೆ. ಪ್ಯಾನೆಲ್‌ನ ಎರಡು ತುದಿಯನ್ನು ಒಂದಕ್ಕೊಂದು ಸೇರಿಸಿದರೆ ಹರಿಯುವ ಕರೆಂಟು ಬಿಸಿಲಿಗೆ ಸರಿಯಾಗಿ ಏರುತ್ತದೆ, ಇಳಿಯುತ್ತದೆ. ಬಿಸಿಲು ಅರ್ಧ ಆದರೆ ಕರೆಂಟೂ ಅರ್ಧ. ವೋಲ್ಟೇಜ್ ಹೀಗೆ ನಡೆದುಕೊಳ್ಳುವುದಿಲ್ಲ, ಮೋಡ ಕವಿದಿದ್ದರೂ ಅದು ಅಷ್ಟಾಗಿ ಇಳಿಯುವುದಿಲ್ಲ. ಅದಕ್ಕೇ ವೋಲ್ಟ್ ಮೀಟರ್ ಇಟ್ಟು ಬಿಸಿಲು ಅಳೆಯುವುದು ಕೆಲಸಕ್ಕೆ ಬಾರದು. ನನ್ನ ಪ್ಯಾನೆಲ್ 1000 ವಾಟ್ ಪ್ರತಿ ಚದರ ಮೀಟರ್ ಬಿಸಿಲಿಗೆ ಸುಮಾರು 300 ಮಿಲಿ ಆಂಪ್ ಕೊಡುತ್ತದೆ. ಅದನ್ನು 0.1 ಓಮ್ ಶಂಟ್, ಅಂದರೆ ಕರೆಂಟು ಅಳೆಯಲು ಇಡುವ ಪುಟ್ಟ ರೆಸಿಸ್ಟರ್, ಮೂಲಕ ಹರಿಸಿದೆ. ಶಂಟ್ ಮೇಲೆ ಬೀಳುವುದು 30 ಮಿಲಿ ವೋಲ್ಟ್. ಇಪ್ಪತ್ತು ವೋಲ್ಟ್ ಕೊಡಬಲ್ಲ ಪ್ಯಾನೆಲ್‌ಗೆ ಇದು ಲೆಕ್ಕಕ್ಕೇ ಇಲ್ಲ, ತುದಿ ಸೇರಿಸಿದ ಹಾಗೆಯೇ.

ಶಂಟ್ ಮೇಲಿನ ವೋಲ್ಟೇಜ್ ಓದಲು ಐಎನ್‌ಎ 226 ಚಿಪ್. ಇದು 81.92 ಮಿಲಿ ವೋಲ್ಟ್ ತನಕ ಓದುತ್ತದೆ, ಒಂದೊಂದು ಮೆಟ್ಟಿಲು 2.5 ಮೈಕ್ರೊ ವೋಲ್ಟ್. ಅಂದರೆ ಬಿಸಿಲಿನ ಲೆಕ್ಕದಲ್ಲಿ ಒಂದು ವಾಟಿಗಿಂತ ಕಡಿಮೆ. ನಮಗೆ ಧಾರಾಳ ಸಾಕು. ಇದಕ್ಕಿಂತ ಹಳೆಯ ಐಎನ್‌ಎ 219 ಹಲವರ ಹತ್ತಿರ ಇರುತ್ತದೆ. ಅದೂ ನಡೆಯುತ್ತದೆ, ಮೆಟ್ಟಿಲು ಸ್ವಲ್ಪ ದಪ್ಪ, 10 ಮೈಕ್ರೊ ವೋಲ್ಟ್.

ಕೊಳ್ಳುವಾಗ ಒಂದು ಎಚ್ಚರ. ಪುಟ್ಟ ಪ್ಯಾನೆಲ್ ಗಾಜು ಹೊದಿಸಿದ್ದೇ ಆಗಿರಲಿ. ಪ್ಲಾಸ್ಟಿಕ್ ಅಂಟು ಸುರಿದು ಮಾಡಿದ್ದು ಬಿಸಿಲಿಗೆ ಹಳದಿಯಾಗುತ್ತದೆ. ತಿಂಗಳು ಕಳೆದ ಹಾಗೆ ಬಿಸಿಲು ಕಡಿಮೆಯಾಗುತ್ತಿದೆ ಅಂತ ಡಬ್ಬಿ ಹೇಳತೊಡಗುತ್ತದೆ.

"ಇಷ್ಟೆಲ್ಲ ಯಾಕೆ, ಬಿಸಿಲು ಅಳೆಯುವ ಪೈರಾನೋಮೀಟರ್ ಇದೆಯಲ್ಲ" ಅಂತ ಕೇಳಬಹುದು. ಇದೆ, ಒಟ್ಟು ಬಿಸಿಲು ಅಳೆಯಲು ಅದೇ ಒಳ್ಳೆಯದು. ಆದರೆ ಮಾಮೂಲಿ ಪೈರಾನೋಮೀಟರ್ ಬಿಸಿಲಿನ ಶಾಖದಿಂದ ಅಳೆಯುತ್ತದೆ, ಶಾಖಕ್ಕೆ ಸಮಯ ಬೇಕು. ಐಎಸ್‌ಒ 9060 ನಿಯಮದ 2018ರ ಆವೃತ್ತಿಯಲ್ಲಿ ಅತ್ಯುತ್ತಮ ದರ್ಜೆಯ ಉಪಕರಣಕ್ಕೂ ನಿಜವಾದ ಅಂಕಿಯ ಶೇ. 95 ತಲುಪಲು 10 ಸೆಕೆಂಡಿನ ತನಕ ಅವಕಾಶ ಇದೆ. ಮೋಡದ ಅಂಚು ಅಷ್ಟು ಹೊತ್ತು ಕಾಯುವುದಿಲ್ಲ. ಸಿಲಿಕಾನ್ ಆ ಕ್ಷಣಕ್ಕೇ ಸ್ಪಂದಿಸುತ್ತದೆ. ಏರಿಳಿತ ಹಿಡಿಯಲು ಪುಟ್ಟ ಪ್ಯಾನೆಲ್ ನಿಜವಾಗಿಯೂ ತಕ್ಕ ಸಾಧನ, ಬರೀ ಅಗ್ಗದ ದಾರಿ ಅಲ್ಲ.

ಇನ್ನು ಮೀಟರಿನ ದೀಪ. ಮೀಟರಿನ ಮುಖದ ಮೇಲೆ ಒಂದು ಯೂನಿಟ್‌ಗೆ ಎಷ್ಟು ಮಿಣುಕು ಅಂತ ಬರೆದಿರುತ್ತದೆ. ನಮ್ಮದು 1000. ಅಂದರೆ ಒಂದು ಮಿಣುಕಿಗೆ ಒಂದು ವಾಟ್-ಗಂಟೆ. ಎರಡು ಮಿಣುಕಿನ ನಡುವೆ 1.2 ಸೆಕೆಂಡ್ ಇದ್ದರೆ 3600 ಭಾಗಿಸು 1.2, ಅಂದರೆ 3000 ವಾಟ್. ಬೆಳಕಿಗೆ ಸ್ಪಂದಿಸುವ ಒಂದು ಫೋಟೋ ಟ್ರಾನ್ಸಿಸ್ಟರನ್ನು ದೀಪದ ಮೇಲೆ ಕಪ್ಪು ಟೇಪಿನಿಂದ ಅಂಟಿಸಿದರೆ ಮುಗಿಯಿತು. ಮೊದಲ ದಿನ ಟೇಪು ಒಂದು ಮೂಲೆಯಲ್ಲಿ ಎದ್ದಿತ್ತು. ಸಂಜೆ ಇಳಿಬಿಸಿಲು ಒಳಗೆ ನುಗ್ಗಿ, ಇಲ್ಲದ ಮಿಣುಕುಗಳನ್ನೆಲ್ಲ ಎಣಿಸಿತು. ಟೇಪನ್ನು ಎರಡು ಸುತ್ತು ಮಾಡಿದೆ. ಜೊತೆಗೆ 200 ಮಿಲಿ ಸೆಕೆಂಡಿನೊಳಗೆ ಬಂದ ಎರಡನೇ ಮಿಣುಕನ್ನು ಎಣಿಸಬೇಡ ಅಂತ ಪ್ರೋಗ್ರಾಮಿಗೆ ಹೇಳಿದೆ.

ಈ ದಾರಿಗೆ ಒಂದು ಮಿತಿ ಇದೆ. ಉತ್ಪಾದನೆ ಕಡಿಮೆಯಾದ ಹಾಗೆ ಮಿಣುಕು ವಿರಳವಾಗುತ್ತದೆ. 100 ವಾಟ್ ಇದ್ದಾಗ 36 ಸೆಕೆಂಡಿಗೊಮ್ಮೆ. ಹಾಗಾಗಿ ಮೀಟರಿನ ಅಂಕಿಯನ್ನು ನಿಮಿಷದ ಲೆಕ್ಕಕ್ಕೆ ಮಾತ್ರ ಇಟ್ಟುಕೊಂಡೆ. ಸೆಕೆಂಡಿನ ಲೆಕ್ಕಕ್ಕೆ ಪುಟ್ಟ ಪ್ಯಾನೆಲ್.

ಉಳಿದದ್ದು ಮಾಮೂಲಿ. ಇಎಸ್‌ಪಿ 32 ಬೋರ್ಡು (ಇದೇ ಡಬ್ಬಿಯ ಪುಟ್ಟ ಕಂಪ್ಯೂಟರ್), ಡಿಎಸ್ 3231 ಗಡಿಯಾರ, ಮೆಮೊರಿ ಕಾರ್ಡು, ಪ್ಯಾನೆಲ್ ಬೆನ್ನಿನ ಬಿಸಿ ಅಳೆಯಲು ಡಿಎಸ್ 18ಬಿ20. ಡಬ್ಬಿ ನೀರು ನುಗ್ಗದ್ದು. ಆದರೂ ತಳದಲ್ಲಿ ಒಂದು ಸಣ್ಣ ತೂತು ಬೇಕೇ ಬೇಕು. ಪೂರ್ತಿ ಮುಚ್ಚಿದರೆ ರಾತ್ರಿ ಒಳಗೇ ನೀರು ಕೂಡುತ್ತದೆ. ವೈರುಗಳು ಡಬ್ಬಿಗೆ ಬರುವ ಮುಂಚೆ ಒಂದು ಬಾಗು ಕೆಳಗಿಳಿದು ಮೇಲೆ ಬರಲಿ. ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ.

ಕಾಣೆಯಾದ ಸೆಕೆಂಡುಗಳು

ಸೆಕೆಂಡಿಗೊಂದು ರೀಡಿಂಗ್ ಅಂತ ಇಟ್ಟಿದ್ದೆ. ದಿನಕ್ಕೆ 86,400 ಸಾಲು ಬರಬೇಕು. ಮೊದಲ ದಿನ ಎಣಿಸಿದರೆ ಸಾವಿರಾರು ಸಾಲು ಕಡಿಮೆ. ಸಮಯ ನೋಡಿದರೆ ಅಲ್ಲಲ್ಲಿ ಒಂದೊಂದು ಸೆಕೆಂಡೇ ಇಲ್ಲ.

ತಪ್ಪು ಕಾರ್ಡಿನದ್ದಲ್ಲ, ನಾನು ಬರೆಸುತ್ತಿದ್ದ ರೀತಿಯದ್ದು. ಪ್ರತಿ ಸೆಕೆಂಡೂ ಫೈಲ್ ತೆರೆದು, ಒಂದು ಸಾಲು ಬರೆದು, ಮುಚ್ಚುತ್ತಿದ್ದೆ. ಮೆಮೊರಿ ಕಾರ್ಡು ಆಗಾಗ ತನ್ನೊಳಗಿನ ಜಾಗ ಹೊಂದಿಸಿಕೊಳ್ಳಲು ನಿಲ್ಲುತ್ತದೆ. ಆ ಹೊತ್ತಿಗೆ ಬೋರ್ಡೂ ಕಾಯುತ್ತದೆ, ಮುಂದಿನ ಸೆಕೆಂಡು ದಾಟಿ ಹೋಗುತ್ತದೆ. ಸರಾಸರಿ ತೆಗೆಯುವವರಿಗೆ ಇದು ತೊಂದರೆಯಲ್ಲ. ಒಂದು ಸೆಕೆಂಡಿನಿಂದ ಮುಂದಿನ ಸೆಕೆಂಡಿಗೆ ಎಷ್ಟು ಬದಲಾಯಿತು ಅಂತ ನೋಡುವವರಿಗೆ ದೊಡ್ಡ ತೊಂದರೆ. ನಡುವಿನ ಸಾಲು ಇಲ್ಲದಿದ್ದರೆ ಎರಡು ಸೆಕೆಂಡಿನ ಇಳಿತ ಒಂದೇ ಸೆಕೆಂಡಿನ ಇಳಿತದ ಹಾಗೆ ಕಾಣುತ್ತದೆ.

ಇಎಸ್‌ಪಿ 32ರಲ್ಲಿ ಎರಡು ಕೋರ್, ಅಂದರೆ ಒಟ್ಟೊಟ್ಟಿಗೆ ಕೆಲಸ ಮಾಡುವ ಎರಡು ಮಿದುಳು ಇವೆ. ಒಂದಕ್ಕೆ ಅಳೆಯುವ ಕೆಲಸ ಮಾತ್ರ ಕೊಟ್ಟೆ. ಅದು 60 ಸಾಲನ್ನು ಮೆಮೊರಿಯಲ್ಲಿ ಕೂಡಿಡುತ್ತದೆ. ಇನ್ನೊಂದು ಕೋರ್ ನಿಮಿಷಕ್ಕೊಮ್ಮೆ ಅಷ್ಟನ್ನೂ ಒಟ್ಟಿಗೆ ಕಾರ್ಡಿಗೆ ಬರೆಯುತ್ತದೆ. ಕರೆಂಟು ಹೋದರೆ ಹೆಚ್ಚೆಂದರೆ ಒಂದು ನಿಮಿಷ ನಷ್ಟ. ಅದಾದ ಮೇಲೆ ಸಾಲುಗಳ ಎಣಿಕೆ ಸರಿಯಾಯಿತು. ಲೆಕ್ಕ ಮಾಡುವಾಗಲೂ ಪ್ರತಿ ಸಲ ಎರಡು ಸಾಲಿನ ಸಮಯದ ಅಂತರ ನೋಡಿಯೇ ಮುಂದೆ ಹೋಗುತ್ತೇನೆ.

85 ಡಿಗ್ರಿ

ಒಣ ಬಯಲಿನ ಡಬ್ಬಿ ಕಳಿಸಿ ಹತ್ತು ದಿನ ಆಗಿತ್ತು. ಗೆಳೆಯ ಫೋನ್ ಮಾಡಿದ. "ಲೋ, ನಮ್ಮ ಪ್ಯಾನೆಲ್ 85 ಡಿಗ್ರಿ ಕಾದಿದೆಯಂತೆ, ನಿಜಾನಾ?" ಅವನ ದನಿಯಲ್ಲಿ ಗಾಬರಿ ಇತ್ತು. ಕಾದ ತಾರಸಿ, ಗಾಳಿ ಇಲ್ಲದ ಮಧ್ಯಾಹ್ನ, ಸಾಧ್ಯ ಅಂತಲೇ ಮೊದಲು ಅನ್ನಿಸಿತು. ಬಿಸಿಲಿನಲ್ಲಿ ಪ್ಯಾನೆಲ್ 65 ಡಿಗ್ರಿ ದಾಟುವುದು ಅಪರೂಪವೇನಲ್ಲ.

ಅಂಕಿಗಳನ್ನು ಹರಡಿಕೊಂಡು ಕೂತೆ. 61.4, 61.4, 61.5, 85.0, 61.4. ಪ್ಯಾನೆಲ್ ಒಂದು ದಪ್ಪ ಗಾಜಿನ ಹಾಳೆ. ಅದು ಒಂದು ಸೆಕೆಂಡಿನಲ್ಲಿ 24 ಡಿಗ್ರಿ ಏರಿ ಮತ್ತೆ ಇಳಿಯುವುದಿಲ್ಲ. ಅದೂ ಪ್ರತಿ ಸಲ ಸರಿಯಾಗಿ 85.0. ಬೆಳಗಿನ ಜಾವ ಮೂರು ಗಂಟೆಗೂ ಎರಡು ಕಡೆ 85.0 ಇತ್ತು.

ಡಿಎಸ್ 18ಬಿ20 ಬಳಸಿದವರಿಗೆ ಇಷ್ಟರಲ್ಲಿ ಗೊತ್ತಾಗಿರುತ್ತದೆ. ಈ ಸೆನ್ಸರಿಗೆ ವಿದ್ಯುತ್ ಬಂದ ಕೂಡಲೇ ಅದರ ನೆನಪಿನಲ್ಲಿ ಇರುವ ಅಂಕಿ 85. ಅಳೆದು ಮುಗಿಸಲು ಅದಕ್ಕೆ 750 ಮಿಲಿ ಸೆಕೆಂಡ್ ತನಕ ಬೇಕು. ಅಷ್ಟರೊಳಗೆ ಓದಿದರೆ, ಅಥವಾ ನಡುವೆ ಒಂದು ಕ್ಷಣ ವಿದ್ಯುತ್ ತಪ್ಪಿ ಮತ್ತೆ ಬಂದರೆ, ಆ 85 ಹಾಗೇ ಬರುತ್ತದೆ. ಎಲ್ಲೋ ವೈರು ಸಡಿಲ ಆಗಿದೆ ಅಂತಾಯಿತು. ಗೆಳೆಯ ಡಬ್ಬಿ ತೆರೆದು ಫೋಟೋ ಕಳಿಸಿದ. ಕೆಂಪು ವೈರಿನ ಬೆಸುಗೆ ಹೊಳೆಯುತ್ತಿರಲಿಲ್ಲ, ಬೂದಿ ಬಣ್ಣಕ್ಕೆ ತಿರುಗಿ ಸುತ್ತ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಅದು ನಾನೇ ಹಾಕಿದ ಬೆಸುಗೆ. ಹಗಲು ಹಿಗ್ಗಿ, ರಾತ್ರಿ ಕುಗ್ಗಿ, ಗಾಳಿಗೆ ಅಲ್ಲಾಡಿ ಬಿಟ್ಟುಕೊಂಡಿದೆ. ಅವನು ಅದನ್ನು ಮತ್ತೆ ಬೆಸೆದ. ವೈರನ್ನು ಟೈ ಹಾಕಿ ಡಬ್ಬಿಯ ಗೋಡೆಗೆ ಬಿಗಿದ. ಉಳಿದ ಎರಡು ಡಬ್ಬಿಯಲ್ಲೂ ಅದೇ ಜಾಗ ನೋಡಿಸಿ ಬಿಗಿಸಿದೆ.

ಸೆನ್ಸರ್ ಅಂಟಿಸುವ ಬಗ್ಗೆಯೂ ಒಂದು ಮಾತು. ಅಲ್ಯೂಮಿನಿಯಂ ಚೌಕಟ್ಟಿಗೆ ಅಂಟಿಸಬೇಡಿ, ಅದು ತಂಪಾಗಿರುತ್ತದೆ. ಪ್ಯಾನೆಲ್ ಬೆನ್ನಿನ ನಡುಭಾಗದಲ್ಲಿ, ಒಂದು ಸೆಲ್‌ನ ಹಿಂದೆ ಅಂಟಿಸಿ, ಮೇಲೊಂದು ಫೋಮ್ ತುಂಡು ಮುಚ್ಚಿ. ಫೋಮ್ ಇಲ್ಲದಿದ್ದರೆ ಗಾಳಿ ಬೀಸಿದಾಗ ಸೆನ್ಸರ್ ಅಳೆಯುವುದು ಗಾಳಿಯನ್ನೇ.

ಗಡಿಯಾರ ಮತ್ತು ಒಂದು ಹಿಕ್ಕೆ

ಮೂರು ಡಬ್ಬಿಯೂ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯದಲ್ಲೇ ಓಡಬೇಕು ಅಂತ ಮೊದಲೇ ನಿರ್ಧರಿಸಿದ್ದೆ. ಆದರೂ ದಡದ ಡಬ್ಬಿಯ ಅಂಕಿಗಳು ತಿಳಿ ಆಕಾಶದ ಲೆಕ್ಕಕ್ಕೆ, ಅಂದರೆ ಮೋಡವೇ ಇಲ್ಲದಿದ್ದರೆ ಯಾವ ಹೊತ್ತಿಗೆ ಎಷ್ಟು ಬಿಸಿಲು ಬರಬೇಕು ಅನ್ನುವ ಲೆಕ್ಕಕ್ಕೆ, ಕೂಡುತ್ತಲೇ ಇರಲಿಲ್ಲ. ಬೆಳಗ್ಗೆ ಲೆಕ್ಕಕ್ಕಿಂತ ಕಡಿಮೆ, ಸಂಜೆ ಜಾಸ್ತಿ. ಒಂದು ಮೋಡವಿಲ್ಲದ ದಿನ ಹುಡುಕಿ ತೆಗೆದೆ. ಆ ದಿನದ ಗುಮ್ಮಟದ ಹಾಗಿರುವ ಗೆರೆಯನ್ನು ನಡುವೆ ಮಡಿಸಿದರೆ ಎರಡು ಪಕ್ಕ ಒಂದರ ಮೇಲೊಂದು ಕೂರಬೇಕು. ಮಡಿಸುವ ಗೆರೆಯೇ ಸೂರ್ಯನ ನಡುಹಗಲು. ಅದು ಲೆಕ್ಕಕ್ಕಿಂತ ಹನ್ನೊಂದು ನಿಮಿಷ ತಡವಾಗಿತ್ತು.

ಇಲ್ಲಿ ತುಸು ಹುಷಾರಾಗಿರಬೇಕು. ಸೂರ್ಯನ ನಡುಹಗಲು ಗಡಿಯಾರದ ಹನ್ನೆರಡಕ್ಕೆ ಬರುವುದಿಲ್ಲ. ರೇಖಾಂಶ ಒಂದು ಡಿಗ್ರಿ ಸರಿದರೆ 4 ನಿಮಿಷ ವ್ಯತ್ಯಾಸ. ಅದರ ಮೇಲೆ ವರ್ಷದುದ್ದಕ್ಕೂ ಸೂರ್ಯ ಗಡಿಯಾರಕ್ಕಿಂತ ಹಿಂದೆ ಮುಂದೆ ಆಗುತ್ತಾನೆ. ಫೆಬ್ರವರಿ ನಡುವೆ ಸುಮಾರು 14 ನಿಮಿಷ ಹಿಂದೆ, ನವೆಂಬರ್ ಶುರುವಿನಲ್ಲಿ ಸುಮಾರು 16 ನಿಮಿಷ ಮುಂದೆ. ಇದೆಲ್ಲ ಕಳೆದ ಮೇಲೂ ಹನ್ನೊಂದು ನಿಮಿಷ ಉಳಿದಿತ್ತು. ಡಿಎಸ್ 3231 ದಿನಕ್ಕೆ ಸೆಕೆಂಡಿನ ಐದನೇ ಒಂದು ಭಾಗವೂ ತಪ್ಪುವುದಿಲ್ಲ, ಹಾಗಾಗಿ ಅದರದ್ದಲ್ಲ. ಉಳಿದದ್ದು ಒಂದೇ, ಪ್ಯಾನೆಲ್ ಮಟ್ಟ. ಪುಟ್ಟ ಪ್ಯಾನೆಲ್ ಸಪಾಟಾಗಿ ಮಲಗಿರಬೇಕಿತ್ತು, ಅದು ಪಡುವಣಕ್ಕೆ ವಾಲಿತ್ತು. ಗೆಳೆಯ ನೀರುಮಟ್ಟ ಇಟ್ಟು ನೋಡಿದ. ಗುಳ್ಳೆ ಒಂದು ಪಕ್ಕಕ್ಕೆ ಓಡಿತು. ಕೆಳಗೊಂದು ವಾಷರ್ ಕೊಟ್ಟು ಮಟ್ಟ ಮಾಡಿದ. ಮರುದಿನ ಗುಮ್ಮಟದ ಎರಡು ಪಕ್ಕವೂ ಕೂಡಿಕೊಂಡವು.

ಬೆಟ್ಟದ ಡಬ್ಬಿಯ ತೊಂದರೆ ಬೇರೆ. ಒಂದು ಬೆಳಗ್ಗೆಯಿಂದ ಬಿಸಿಲು ಅರ್ಧಕ್ಕೆ ಇಳಿದು ಹಾಗೇ ನಿಂತುಬಿಟ್ಟಿತು. ಅದೇ ಹೊತ್ತಿಗೆ ಮೀಟರ್ ಕಡೆ ಉತ್ಪಾದನೆ ಇಳಿದೇ ಇರಲಿಲ್ಲ. ಎರಡು ಕಡೆಯಿಂದ ಅಳೆದದ್ದು ಇಲ್ಲಿ ಕೈ ಹಿಡಿಯಿತು. "ಅಕ್ಕಾ, ಪುಟ್ಟ ಪ್ಯಾನೆಲ್ ಮೇಲೆ ಏನಾದರೂ ಬಿದ್ದಿದೆಯಾ ನೋಡ್ತೀಯಾ?" ಅಂದೆ. ಹತ್ತಿ ನೋಡಿದಳು. ಹಕ್ಕಿ ಹಿಕ್ಕೆ ಹಾಕಿತ್ತು, ಹೆಬ್ಬೆಟ್ಟಿನಷ್ಟು ಅಗಲ.

ಅಷ್ಟು ಚಿಕ್ಕ ಕಲೆಗೆ ಅರ್ಧ ಬಿಸಿಲು ಹೋಗುವುದು ಹೇಗೆ ಅಂದರೆ, ಪುಟ್ಟ ಪ್ಯಾನೆಲ್‌ನಲ್ಲಿ 36 ಸಣ್ಣ ಸೆಲ್ ಪಟ್ಟಿಗಳು ಒಂದರ ಹಿಂದೆ ಒಂದು ಸರಪಳಿ ಹಾಗೆ ಕೂತಿವೆ. ಒಂದು ಪಟ್ಟಿ ಮುಚ್ಚಿದರೆ ಇಡೀ ಸರಪಳಿಯ ಕರೆಂಟು ಅದರಷ್ಟಕ್ಕೆ ಇಳಿಯುತ್ತದೆ. ಹಾಗಾಗಿ ಪುಟ್ಟ ಪ್ಯಾನೆಲ್ ಅನ್ನು ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಲೇಬೇಕು. ದೊಡ್ಡ ಪ್ಯಾನೆಲ್‌ಗಳನ್ನು ಮಾತ್ರ ಇದ್ದ ಹಾಗೇ ಬಿಡಿ ಅಂದೆ. ಒರೆಸಿದ್ದಕ್ಕೂ ಒರೆಸದ್ದಕ್ಕೂ ಇರುವ ಅಂತರವೇ ಧೂಳಿನ ಅಳತೆ.

ಏರಿಳಿತಕ್ಕೆ ಒಂದು ಅಂಕಿ

ಗ್ರಾಫ್ ನೋಡಿ "ತುಂಬ ಕುಣಿದಿದೆ" ಅನ್ನಬಹುದು. ಮೂರು ಊರನ್ನು ಹೋಲಿಸಲು ಒಂದು ಅಂಕಿ ಬೇಕು. 2012ರಲ್ಲಿ ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ ಸ್ಟೈನ್, ಹ್ಯಾನ್ಸನ್, ರೆನೊ ಮುಂದಿಟ್ಟ ಏರಿಳಿತದ ಸೂಚ್ಯಂಕವನ್ನು ತೆಗೆದುಕೊಂಡೆ. ಅದರ ಹಿಂದಿನ ಯೋಚನೆ ನನಗೆ ಬಹಳ ಹಿಡಿಸಿತು.

ದಿನದ ಬಿಸಿಲಿನ ಗೆರೆಯ ಮೇಲೆ ಒಂದು ದಾರ ಇಟ್ಟಿರಿ ಅಂದುಕೊಳ್ಳಿ. ಮೋಡವಿಲ್ಲದ ದಿನ ಗೆರೆ ನಯವಾದ ಗುಮ್ಮಟ, ದಾರ ಚಿಕ್ಕದು ಸಾಕು. ಮೋಡ ಬಂದು ಹೋಗುವ ದಿನ ಗೆರೆ ಗರಗಸದ ಹಲ್ಲು, ದಾರ ಉದ್ದ ಬೇಕು. ಆ ದಿನದ ದಾರದ ಉದ್ದವನ್ನು ತಿಳಿ ಆಕಾಶದ ದಾರದ ಉದ್ದದಿಂದ ಭಾಗಿಸಿದರೆ ಬರುವುದೇ ಸೂಚ್ಯಂಕ. ತಿಳಿ ದಿನಕ್ಕೆ ಸುಮಾರು 1.

ಲೆಕ್ಕ ಮಾಡಿಯೇ ನೋಡೋಣ. ಹನ್ನೆರಡು ಗಂಟೆಯ ಹಗಲು, ನಿಮಿಷದ ಅಂಕಿಗಳು. ತಿಳಿ ದಿನ ಬಿಸಿಲು ಸೊನ್ನೆಯಿಂದ 1000ಕ್ಕೆ (ಇಲ್ಲಿಂದ ಮುಂದೆ ಬಿಸಿಲೆಲ್ಲ ವಾಟ್ ಪ್ರತಿ ಚದರ ಮೀಟರ್ ಲೆಕ್ಕದಲ್ಲಿ) ಏರಿ ಮತ್ತೆ ಸೊನ್ನೆಗೆ ಇಳಿಯುತ್ತದೆ, ದಾರ ಸುಮಾರು 2200. ಇನ್ನೊಂದು ದಿನ ಇಪ್ಪತ್ತು ಮೋಡ ಬಂದವು, ಒಂದೊಂದೂ ಬಿಸಿಲನ್ನು 600 ಇಳಿಸಿ, ಹೋಗುವಾಗ 600 ಏರಿಸಿತು. ಬರೀ ಮೋಡದ್ದೇ 24,000. ಮೂಲ ಗುಮ್ಮಟವನ್ನೂ ಸೇರಿಸಿ ಭಾಗಿಸಿದರೆ ಸೂಚ್ಯಂಕ ಸುಮಾರು 12. ಈ ವಿಧಾನದಲ್ಲಿ 10 ದಾಟಿದರೆ ತೀರಾ ಏರಿಳಿತದ ದಿನ.

ಈಗ ಮೂರನೇ ದಿನ. ಬೆಳಗ್ಗೆಯಿಂದ ಸಂಜೆ ತನಕ ಕಪ್ಪು ಮೋಡ, ಜಡಿಮಳೆ. ಬಿಸಿಲು ಇಡೀ ದಿನ 100ರ ಆಸುಪಾಸು. ದಾರ ನೆಲಕ್ಕೆ ಅಂಟಿಕೊಂಡು ಸಪಾಟಾಗಿ ಮಲಗಿದೆ. ಸೂಚ್ಯಂಕ 1ಕ್ಕಿಂತಲೂ ಕಡಿಮೆ! ಅಂದರೆ ಬಿಸಿಲು ಇಲ್ಲದಿರುವುದು ಬೇರೆ, ಏರಿಳಿತ ಇರುವುದು ಬೇರೆ. ಅದಕ್ಕೇ ಈ ಅಂಕಿಯ ಪಕ್ಕದಲ್ಲಿ ಆ ದಿನ ಬಂದ ಒಟ್ಟು ಬಿಸಿಲು ತಿಳಿ ದಿನದ ಎಷ್ಟು ಭಾಗ ಅನ್ನುವ ಎರಡನೇ ಅಂಕಿಯನ್ನೂ ಬರೆಯಬೇಕು. ಒಂದೇ ಅಂಕಿ ನೋಡಿದರೆ ಜಡಿಮಳೆಯ ದಿನವೂ ತಿಳಿ ದಿನವೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ.

ಇನ್ನೊಂದು ಮಾತು ಮುಖ್ಯ. ಸೂಚ್ಯಂಕ ಎಷ್ಟು ಹೊತ್ತಿನ ಸರಾಸರಿಯ ಮೇಲೆ ಲೆಕ್ಕ ಮಾಡಿದ್ದೀರಿ ಅನ್ನುವುದರ ಮೇಲೆ ನಿಂತಿದೆ. ಒಂದೇ ದಿನದ ಅಂಕಿಗಳನ್ನು 1 ನಿಮಿಷ, 5 ನಿಮಿಷ, 15 ನಿಮಿಷ ಅಂತ ಸರಾಸರಿ ಮಾಡಿ ನೋಡಿದೆ. ಹೆಚ್ಚು ಹೊತ್ತಿನ ಸರಾಸರಿ ತೆಗೆದಷ್ಟೂ ಹಲ್ಲುಗಳು ಸವೆದು, ಗಂಟೆಯ ಸರಾಸರಿಗೆ ಬರುವಷ್ಟರಲ್ಲಿ ಮೋಡವೇ ಇರಲಿಲ್ಲ ಅನ್ನುವ ಹಾಗಾಯಿತು. ಒಬ್ಬರ ನಿಮಿಷದ ಅಂಕಿಯನ್ನು ಇನ್ನೊಬ್ಬರ ಐದು ನಿಮಿಷದ ಅಂಕಿ ಜೊತೆ ಹೋಲಿಸುವುದು ತಪ್ಪು.

ತಿಳಿ ಆಕಾಶದ ಲೆಕ್ಕಕ್ಕೆ ಪೈಥಾನ್‌ನ ಪಿವಿಲಿಬ್ ಅನ್ನುವ ಸೋಲಾರ್ ಲೆಕ್ಕದ ಲೈಬ್ರರಿ ಬಳಸಿದೆ. ಮೊದಲು ಹೌರ್ವಿಟ್ಸ್ ಸೂತ್ರ ಹಾಕಿದೆ. ಅದಕ್ಕೆ ಸೂರ್ಯ ಎಷ್ಟು ಎತ್ತರದಲ್ಲಿದ್ದಾನೆ ಅನ್ನುವುದೊಂದೇ ಸಾಕು, ಸರಳ. ಆದರೆ ಧೂಳು, ತೇವ, ಊರಿನ ಎತ್ತರ ಯಾವುದೂ ಅದಕ್ಕೆ ಗೊತ್ತಿಲ್ಲ. ಬೇರೆ ಬೇರೆ ಹವೆ ಹೋಲಿಸುವಾಗ ಅದೇ ತಾನೇ ಮುಖ್ಯ? ಧೂಳಿನ ಬಯಲಿನಲ್ಲಿ ಒಂದು ಮೋಡವೂ ಇಲ್ಲದ ದಿನ ಬಿಸಿಲು ಲೆಕ್ಕಕ್ಕಿಂತ ಕಡಿಮೆ ಬರುತ್ತಿತ್ತು. ಆಮೇಲೆ ಇನೈಖೆನ್ ಮಾದರಿಗೆ ಬದಲಾಯಿಸಿದೆ. ಅದು ಊರಿನ ಎತ್ತರವನ್ನೂ, ಗಾಳಿ ಎಷ್ಟು ಮಬ್ಬಾಗಿದೆ ಅನ್ನುವುದನ್ನೂ ತೆಗೆದುಕೊಳ್ಳುತ್ತದೆ. ತಿಂಗಳುವಾರು ಮಬ್ಬಿನ ಅಂಕಿಗಳು ಪಿವಿಲಿಬ್ ಒಳಗೇ ಇವೆ.

ನನ್ನ ಪ್ರೋಗ್ರಾಮ್ ನಂಬುವ ಮುಂಚೆ ಅದನ್ನು ಬಿಎಸ್‌ಆರ್‌ಎನ್ ಜಾಲದ ಅಂಕಿಗಳ ಮೇಲೆ ಓಡಿಸಿದೆ. ಜಗತ್ತಿನ ಹಲವು ಕಡೆ ಒಳ್ಳೆಯ ಉಪಕರಣ ಇಟ್ಟು ನಿಮಿಷಕ್ಕೊಮ್ಮೆ ಬಿಸಿಲು ಬರೆದಿಡುವ ಜಾಲ ಅದು. ಸಹಾರಾದ ತಮನ್ರಾಸೆಟ್, ಸ್ವಿಟ್ಜರ್ಲೆಂಡಿನ ಪಯೆರ್ನ್, ಟೆನೆರೀಫ್ ದ್ವೀಪದಲ್ಲಿ ಸುಮಾರು 2,370 ಮೀಟರ್ ಎತ್ತರಕ್ಕೆ, ಬಹಳ ದಿನ ಮೋಡದ ಹಾಸಿಗೆಗಿಂತ ಮೇಲೇ ಇರುವ ಇಸಾನಾ, 79 ಡಿಗ್ರಿ ಉತ್ತರದ ನ್ಯೂ-ಓಲೆಸುಂದ್. ಈ ಕೊನೆಯ ಊರು ನನ್ನ ತಪ್ಪು ಹಿಡಿದುಕೊಟ್ಟಿತು. ಡಿಸೆಂಬರ್ ಪೂರ್ತಿ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ನನ್ನ ಲೆಕ್ಕ ಮಾತ್ರ ಆ ತಿಂಗಳ ಎಲ್ಲ ದಿನಕ್ಕೂ ಸರಿಯಾಗಿ 1, ಅಂದರೆ ಏರಿಳಿತವೇ ಇಲ್ಲದ ದಿನ ಅಂತ ಬರೆಯಿತು. ಕತ್ತಲಲ್ಲಿ ಎರಡು ದಾರವೂ ನೆಲದ ಮೇಲೇ ಇರುತ್ತವೆ, ಭಾಗಿಸಿದರೆ 1. ನಮ್ಮ ಡಬ್ಬಿಗಳಲ್ಲೂ ಪ್ರತಿ ರಾತ್ರಿ ಇದೇ ಆಗುತ್ತಿತ್ತು, ಹಗಲಿನ ಏರಿಳಿತವನ್ನೆಲ್ಲ 1ರ ಕಡೆಗೆ ಎಳೆಯುತ್ತಿತ್ತು. ಸೂರ್ಯ 10 ಡಿಗ್ರಿಗಿಂತ ಮೇಲಿದ್ದಾಗ ಮಾತ್ರ ಲೆಕ್ಕ ಮಾಡು ಅಂತ ಬದಲಾಯಿಸಿದೆ. ಆ ಹತ್ತು ಡಿಗ್ರಿಯೊಳಗೆ ಗಾಜು ಜಾಸ್ತಿ ಬೆಳಕನ್ನು ಹಿಂದಕ್ಕೆ ತಳ್ಳುವುದರಿಂದ ಪುಟ್ಟ ಪ್ಯಾನೆಲ್‌ನ ಅಂಕಿಯೂ ನೆಟ್ಟಗಿರುವುದಿಲ್ಲ.

ಮೂರು ತಾರಸಿ

ಕಳಿಸುವ ಮುಂಚೆ ಮೂರು ಡಬ್ಬಿಯನ್ನೂ ಎರಡು ವಾರ ಪಕ್ಕಪಕ್ಕ ಇಟ್ಟಿದ್ದೆ. ಒಂದೇ ಬಿಸಿಲಿಗೆ ಮೂರೂ ಒಂದೇ ಅಂಕಿ ಕೊಡುವ ಹಾಗೆ ಒಂದೊಂದಕ್ಕೆ ಒಂದು ಗುಣಕ ಹಾಕಿದೆ. ಇದನ್ನು ಮಾಡದೆ ಕಳಿಸಿದ್ದರೆ ಮುಂದಿನದ್ಯಾವುದಕ್ಕೂ ಬೆಲೆ ಇರುತ್ತಿರಲಿಲ್ಲ.

ಬಯಲಿನ ಗೆಳೆಯನ ಮಾತು ಬಹುಮಟ್ಟಿಗೆ ನಿಜ. ಅಲ್ಲಿ ಹೆಚ್ಚಿನ ದಿನ ಸೂಚ್ಯಂಕ 1ರ ಹತ್ತಿರವೇ. ಆದರೆ ಬಿಸಿಲು ತುಂಬಿದ್ದರೂ ಉತ್ಪಾದನೆ ತುಂಬಿರಲಿಲ್ಲ. ಸಿಲಿಕಾನ್ ಪ್ಯಾನೆಲ್ 25 ಡಿಗ್ರಿ ಮೇಲೆ ಒಂದೊಂದು ಡಿಗ್ರಿಗೆ ಸುಮಾರು ಶೇ. 0.4 ಕಳೆದುಕೊಳ್ಳುತ್ತದೆ. 65 ಡಿಗ್ರಿಗೆ ಕಾದರೆ ಶೇ. 16 ಹೋಯಿತು. ಬೆನ್ನು −5 ಡಿಗ್ರಿ ಇರುವ ಚಳಿ ನಾಡಿನ ತಿಳಿ ಬೆಳಗ್ಗೆಯಲ್ಲಿ ಅದೇ ಪ್ಯಾನೆಲ್ ಅಷ್ಟೇ ಬಿಸಿಲಿಗೆ ಶೇ. 12 ಜಾಸ್ತಿ ಕೊಡುತ್ತದೆ. ಬಯಲಿನಲ್ಲಿ ನಷ್ಟ ನಿಧಾನವಾಗಿ ಬರುತ್ತದೆ, ಬೆಳಗ್ಗೆ ಹತ್ತರಿಂದ ತೆವಳಿಕೊಂಡು. ಸೂಚ್ಯಂಕಕ್ಕೆ ಅದು ಕಾಣುವುದೇ ಇಲ್ಲ.

ದಡದಲ್ಲಿ ಬೆಳಗ್ಗೆ ತೆಳು ಮೋಡದ ಹೊದಿಕೆ, ಹತ್ತು ಗಂಟೆ ಹೊತ್ತಿಗೆ ಅದು ಕರಗಿ ಒಂದೇ ದೊಡ್ಡ ಏರಿಕೆ. ಅದಾದ ಮೇಲೆ ನಯವಾದ ಗುಮ್ಮಟ. ಇಂಥ ಏರಿಕೆ ದೊಡ್ಡದಾದರೂ ತೊಂದರೆ ಕಡಿಮೆ, ಯಾವಾಗ ಬರುತ್ತದೆ ಅಂತ ಹೆಚ್ಚುಕಡಿಮೆ ಗೊತ್ತಿರುತ್ತದೆ.

ನಾನು ಅತಿ ಹೆಚ್ಚು ಹೊತ್ತು ನೋಡಿದ್ದು ಬೆಟ್ಟದ ಅಂಕಿಗಳನ್ನು. ಅಕ್ಕ ನಂಬೋಕಾಗಲ್ಲ ಅಂದ ಜಡಿಮಳೆಯ ವಾರದಲ್ಲಿ ಸೂಚ್ಯಂಕ ಅತಿ ಕಡಿಮೆ. ಇಡೀ ದಿನ ಸ್ವಲ್ಪವೇ ಬಂದರೂ ಒಂದೇ ಸಮ ಬಂತು. ಕುಣಿತ ಶುರುವಾದದ್ದು ಮಳೆ ಬಿಟ್ಟ ಮೇಲೆ. ಒದ್ದೆ ನೆಲ ಕಾಯುತ್ತದೆ, ಬಿಸಿ ತೇವದ ಗಾಳಿ ಮೇಲೇಳುತ್ತದೆ, ಹನ್ನೊಂದರ ಹೊತ್ತಿಗೆ ಬಿಡಿಬಿಡಿ ಮೋಡ ಹುಟ್ಟುತ್ತವೆ. ಅವುಗಳ ನಡುವಿನ ನೀಲಿ ಕಿಂಡಿಗಳೇ ಏರಿಳಿತಕ್ಕೆ ಕಾರಣ. ಒಂದು ಮಧ್ಯಾಹ್ನ ಬಿಸಿಲು 940ರಿಂದ 260ಕ್ಕೆ ಆರು ಸೆಕೆಂಡಿನಲ್ಲಿ ಇಳಿದಿತ್ತು.

ಅದೇ ದಿನ ಇನ್ನೊಂದನ್ನು ಕಂಡೆ. ನೆರಳು ಬರುವ ಕೆಲವು ಸೆಕೆಂಡ್ ಮೊದಲು ಬಿಸಿಲು ತಿಳಿ ಆಕಾಶದ ಲೆಕ್ಕವನ್ನೂ ಮೀರಿ 1,190ಕ್ಕೆ ಏರಿತ್ತು. ಮೊದಲು ಸೆನ್ಸರ್ ಕೆಟ್ಟಿದೆ ಅಂದುಕೊಂಡೆ. ಅಲ್ಲ. ಸೂರ್ಯನ ಬಿಸಿಲು ನೇರವಾಗಿ ಬೀಳುತ್ತಿರುವಾಗಲೇ ಪಕ್ಕದ ಮೋಡದ ಬಿಳಿ ಅಂಚು ಇನ್ನಷ್ಟು ಬೆಳಕನ್ನು ಪ್ಯಾನೆಲ್ ಮೇಲೆ ಚದುರಿಸುತ್ತದೆ. ವಾತಾವರಣದ ಹೊರಗೆ ಸಿಗುವ ಬಿಸಿಲೇ ಸುಮಾರು 1,361. ಎತ್ತರದ ಊರುಗಳಲ್ಲಿ ಕೆಲವು ಕ್ಷಣ ನೆಲದ ಮೇಲಿನ ಬಿಸಿಲು ಅದನ್ನೂ ಮೀರಿದ್ದು ದಾಖಲಾಗಿದೆ. ಐದು ನಿಮಿಷದ ಸರಾಸರಿಯಲ್ಲಿ ಇದರ ಸುಳಿವೂ ಸಿಗುವುದಿಲ್ಲ. ಇನ್ವರ್ಟರ್ ಕೂಡ ತನ್ನ ಮಿತಿಗೆ ಅದನ್ನು ಕತ್ತರಿಸಿಬಿಡುತ್ತದೆ, ಹಾಗಾಗಿ ಮೀಟರ್ ಕಡೆ ಈ ಶಿಖರ ಕಾಣಲೇ ಇಲ್ಲ.

ಮೂರು ತಾರಸಿಯ ಅಂಕಿಗಳನ್ನು ಕೂಡಿಸಿಯೂ ನೋಡಿದೆ. ಬಯಲಿನ ಮೋಡಕ್ಕೂ ಬೆಟ್ಟದ ಮೋಡಕ್ಕೂ ಸಂಬಂಧ ಇಲ್ಲ. ಸಂಬಂಧ ಇಲ್ಲದ, ಒಂದೇ ಅಳತೆಯ ಏರಿಳಿತಗಳನ್ನು ಕೂಡಿಸಿ ಸರಾಸರಿ ತೆಗೆದರೆ ಅದು ತಾರಸಿಗಳ ಸಂಖ್ಯೆಯ ವರ್ಗಮೂಲದಷ್ಟು ಕುಗ್ಗುತ್ತದೆ. ನಾಲ್ಕು ತಾರಸಿ ಕೂಡಿದರೆ ಅರ್ಧ, ನೂರು ಕೂಡಿದರೆ ಹತ್ತನೇ ಒಂದು. ಆದರೆ ಒಂದೇ ಬೀದಿಯ ನೂರು ತಾರಸಿ ಇದಕ್ಕೆ ಆಗುವುದಿಲ್ಲ, ಒಂದೇ ಮೋಡ ಎಲ್ಲವನ್ನೂ ಮುಚ್ಚುತ್ತದೆ. ಎಷ್ಟು ದೂರ ಹೋದರೆ ಸಂಬಂಧ ಕಡಿಯುತ್ತದೆ ಅನ್ನುವುದು ಮೋಡದ ಗಾತ್ರ ಮತ್ತು ವೇಗದ ಮೇಲಿದೆ.

ಆ ವೇಗ ಅಳೆಯಲು ಈಗ ನಾಲ್ಕನೇ ಡಬ್ಬಿ ಶುರು ಮಾಡಿದ್ದೇನೆ. ತಾರಸಿಯ ಮೂರು ಮೂಲೆಗೆ ಮೂರು ಪುಟ್ಟ ಪ್ಯಾನೆಲ್, ಒಂದೇ ಬೋರ್ಡು, ಒಂದೇ ಗಡಿಯಾರ. ಸೆಕೆಂಡಿಗೊಂದು ರೀಡಿಂಗ್ ಇಲ್ಲಿ ಸಾಲದು, ಸೆಕೆಂಡಿಗೆ ಇಪ್ಪತ್ತು ಬೇಕು. ಐಎನ್‌ಎ 226ರಲ್ಲಿ ಶಂಟ್ ಮಾತ್ರ ಓದು ಅಂತ ಇಟ್ಟು, ಹದಿನಾರು ಸಲ ಓದಿ ಸರಾಸರಿ ತೆಗೆದರೂ 20 ಮಿಲಿ ಸೆಕೆಂಡಿನೊಳಗೆ ಮುಗಿಯುತ್ತದೆ. ನಿನ್ನೆ ಮಧ್ಯಾಹ್ನ ಮೊದಲ ಬಾರಿ ಮೂರೂ ಒಟ್ಟಿಗೆ ಓಡಿದವು. ಒಂದು ನೆರಳು ಪಡುವಣ ಮೂಲೆಗೆ ಬಂದು, ಅಲ್ಲಿಂದ 12 ಮೀಟರ್ ದೂರದ ಮೂಲೆಗೆ 1.4 ಸೆಕೆಂಡಿನ ನಂತರ ತಲುಪಿತು. ಮೂರನೇ ಮೂಲೆಯ ವೈರಿನಲ್ಲಿ ಇನ್ನೂ ಸ್ವಲ್ಪ ಗದ್ದಲ ಇದೆ, ಅಂಕಿ ಸುಮ್ಮಸುಮ್ಮನೆ ಅಲ್ಲಾಡುತ್ತದೆ, ನಾಳೆ ಅದನ್ನು ಬಿಚ್ಚಿ ನೋಡಬೇಕು.